ಭಾರತೀಯ ವಿಜ್ಞಾನಿಯ 'ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ' ಸಮುದ್ರವನ್ನು ಶುಚಿ ಮಾಡಿದೆಯೇ? ನಿಜ ಏನು?

ಹಡಗಿನಿಂದ ಕಚ್ಚಾ ತೈಲ ಸೋರಿದ ಸುದ್ದಿ ಬಂದಾಗ, "ಭಾರತೀಯ ವಿಜ್ಞಾನಿಯೊಬ್ಬರು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಕಂಡುಹಿಡಿದು ಸಮುದ್ರವನ್ನೇ ಶುಚಿ ಮಾಡಿದ್ದಾರೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ನೋಡೋಣ.

ಒಂದೇ ಮಾತಿನಲ್ಲಿ ಹೇಳುವುದಾದರೆ: ವಿಜ್ಞಾನಿ ನಿಜ, ಬ್ಯಾಕ್ಟೀರಿಯಾವೂ ನಿಜ. ಆದರೆ ಅದನ್ನು ಸಮುದ್ರಕ್ಕೆ ಬಿಡಲೇ ಇಲ್ಲ.

ಯಾರು ಈ ವಿಜ್ಞಾನಿ?

ಅವರು ಆನಂದ ಮೋಹನ್ ಚಕ್ರವರ್ತಿ. 1938ರಲ್ಲಿ ಪಶ್ಚಿಮ ಬಂಗಾಳದ ಸೈಂತಿಯಾದಲ್ಲಿ ಜನನ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕಕ್ಕೆ ಹೋದರು. 1971ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿದರು. ನಂತರ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2007ರಲ್ಲಿ ಪದ್ಮಶ್ರೀ ಬಂತು. 2020ರಲ್ಲಿ ನಿಧನರಾದರು.

ಬ್ಯಾಕ್ಟೀರಿಯಾ ತಯಾರಾಗಿದ್ದು ಹೇಗೆ?

ಮಣ್ಣಿನಲ್ಲಿರುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ತೈಲದ ಅಂಶಗಳನ್ನು ಜೀರ್ಣಿಸಿಕೊಳ್ಳುತ್ತವೆ. ಆದರೆ ಒಂದೊಂದು ತಳಿಗೆ ಒಂದೊಂದು ಬಗೆಯ ಅಂಶ ಮಾತ್ರ ದಕ್ಕುತ್ತದೆ. ಆ ಶಕ್ತಿಯನ್ನು ಕೊಡುವ ಜೀನ್‌ಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗಳಲ್ಲಿರುತ್ತವೆ. ಚಕ್ರವರ್ತಿ ಇಂಥ ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಎರಡು ಪ್ಲಾಸ್ಮಿಡ್‌ಗಳು ಒಟ್ಟಿಗೆ ನಿಲ್ಲದಿದ್ದಾಗ ನೇರಳಾತೀತ ಕಿರಣ ಹಾಯಿಸಿ ಅವನ್ನು ಬೆಸೆದರು. ಡಿಎನ್‌ಎಯನ್ನು ಕತ್ತರಿಸಿ ಜೋಡಿಸುವ ತಂತ್ರ ಇದಲ್ಲ. ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಪ್ಲಾಸ್ಮಿಡ್ ಹಂಚಿಕೊಳ್ಳುವ ಸಹಜ ಗುಣವನ್ನೇ ಅವರು ಬಳಸಿಕೊಂಡರು.

ಹಾಗಾದರೆ ಅವರು ಪ್ರಸಿದ್ಧರಾಗಿದ್ದು ಯಾಕೆ?

ಕೋರ್ಟಿನ ತೀರ್ಪಿನಿಂದ! 1972ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಅಧಿಕಾರಿಗಳು, "ತಯಾರಿಸುವ ವಿಧಾನಕ್ಕೆ ಕೊಡಬಹುದು, ಜೀವಿಗೇ ಕೊಡಲಾಗದು" ಎಂದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1980ರ ಜೂನ್ 16ರಂದು 5-4 ಬಹುಮತದಲ್ಲಿ ಚಕ್ರವರ್ತಿ ಪರ ತೀರ್ಪು ಬಂತು. ಮನುಷ್ಯ ರೂಪಿಸಿದ ಜೀವಿಗೂ ಪೇಟೆಂಟ್ ಸಿಗಬಹುದು ಎಂದಾಯಿತು.

ಇದರ ಪರಿಣಾಮ ಪ್ರಾಣಿಗಳವರೆಗೂ ಬಂತು. 1988ರಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಹಾರ್ವರ್ಡ್‌ನಲ್ಲಿ ಜೀನ್ ಬದಲಿಸಿ ರೂಪಿಸಿದ ಇಲಿಗೆ ಅಮೆರಿಕ ಪೇಟೆಂಟ್ ಕೊಟ್ಟಿತು. ಅದೇ ಇಲಿಗೆ ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ಪೇಟೆಂಟ್ ನಿರಾಕರಿಸಿತು. ಭಾರತದ ಕಾನೂನಿನಲ್ಲಿಯೂ ಪ್ರಾಣಿ, ಸಸ್ಯಗಳಿಗೆ ಪೇಟೆಂಟ್ ಇಲ್ಲ. ಮಾರ್ಪಡಿಸಿದ ಸೂಕ್ಷ್ಮಾಣುಜೀವಿಗಳಿಗೆ ಅವಕಾಶವಿದೆ.

ಸಮುದ್ರಕ್ಕೆ ಯಾಕೆ ಬಿಡಲಿಲ್ಲ?

ಪ್ರಯೋಗಾಲಯದ ಸೀಸೆ ಬೇರೆ, ಕಡಲು ಬೇರೆ. ಮಾರ್ಪಡಿಸಿದ ಜೀವಿಯನ್ನು ಒಮ್ಮೆ ಹೊರಗೆ ಬಿಟ್ಟರೆ ವಾಪಸ್ ಕರೆಯಲಾಗದು ಎಂಬ ಆತಂಕ ಇತ್ತು. ಅಲ್ಲದೆ ಕಚ್ಚಾ ತೈಲದಲ್ಲಿ ಸಾವಿರಾರು ಸಂಯುಕ್ತಗಳಿವೆ. ಒಂದು ಬ್ಯಾಕ್ಟೀರಿಯಾ ಅವುಗಳಲ್ಲಿ ಕೆಲವನ್ನಷ್ಟೇ ಒಡೆಯಬಲ್ಲದು. ಅದು ಬೆಳೆಯಲು ಸಾರಜನಕ, ರಂಜಕವೂ ಬೇಕು. ಹಾಗಾಗಿಯೇ 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಅಲಾಸ್ಕಾದ ದಡ ಸೇರಿದಾಗ, ಅಲ್ಲಿಗೆ ಗೊಬ್ಬರ ಹಾಕಿ ಸ್ಥಳೀಯ ಬ್ಯಾಕ್ಟೀರಿಯಾಗಳನ್ನೇ ಬೆಳೆಸಲಾಯಿತು. ನಮ್ಮ ದೇಶದ ಟೆರಿ ಸಂಸ್ಥೆಯ 'ಆಯಿಲ್‌ಜಾಪರ್' ಕೂಡ ನಿಸರ್ಗದಲ್ಲೇ ಸಿಕ್ಕ ಬ್ಯಾಕ್ಟೀರಿಯಾಗಳ ಮಿಶ್ರಣ.

ಕ್ಯಾನ್ಸರ್‌ಗೂ ಮದ್ದು ಕಂಡುಹಿಡಿದರೇ?

ಚಕ್ರವರ್ತಿ ಮುಂದೆ ಅಜುರಿನ್ ಎಂಬ ಬ್ಯಾಕ್ಟೀರಿಯಾ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ಅದರ ಒಂದು ತುಣುಕನ್ನು ಸಣ್ಣ ಗುಂಪಿನ ರೋಗಿಗಳ ಮೇಲೆ ಮೊದಲ ಹಂತದಲ್ಲಿ ಪರೀಕ್ಷಿಸಲಾಯಿತು. ಸುರಕ್ಷಿತವೇ, ಎಷ್ಟು ಪ್ರಮಾಣ ಕೊಡಬಹುದು ಎಂದು ನೋಡುವುದೇ ಈ ಹಂತದ ಮುಖ್ಯ ಉದ್ದೇಶ. ಇದನ್ನು 'ಕ್ಯಾನ್ಸರ್ ಮದ್ದು' ಎನ್ನಲಾಗದು. ಇಂಥ ಸಂದೇಶ ನಂಬಿ ಯಾರೂ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬಾರದು.

ಫಾರ್ವರ್ಡ್ ಮಾಡುವ ಮುನ್ನ

"ಭಾರತದಲ್ಲಿ ಹುಟ್ಟಿದ ವಿಜ್ಞಾನಿಯಿಂದಾಗಿ ಜೀವಿಗೂ ಪೇಟೆಂಟ್ ಪಡೆಯುವ ದಾರಿ ತೆರೆಯಿತು" ಎಂದು ಕಳಿಸಿ, ಅದು ನಿಜ. "ಸಮುದ್ರ ಶುಚಿ ಮಾಡಿದರು" ಎಂಬ ಸಾಲನ್ನು ಅಳಿಸಿ. ತೈಲ ಸೋರಿದ ಮೇಲೆ ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತದೆ ಎಂದು ನಾವು ಸುಮ್ಮನೆ ಕೂರುವಂತಿಲ್ಲ. ಸೋರದಂತೆ ತಡೆಯುವುದೇ ಮೊದಲ ಕೆಲಸ.