ಹುತ್ತದ ಅಣಬೆ

ಹುತ್ತದ ಅಣಬೆಯು ಮಳೆಗಾಲದಲ್ಲಿ ಗೆದ್ದಲು ಹುಳುಗಳ ಗೂಡಿನಿಂದ ಮೇಲೆದ್ದು ಬರುವ, ಆಹಾರಕ್ಕೆ ಯೋಗ್ಯವಾದ ಒಂದು ಬಗೆಯ ಕಾಡು ಅಣಬೆ. ಇದು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಕುಲಕ್ಕೆ ಸೇರಿದೆ. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಉಷ್ಣವಲಯದಲ್ಲಿ ಈ ಕುಲದ ಅಣಬೆಗಳು ಬೆಳೆಯುತ್ತವೆ. ಕರ್ನಾಟಕದಲ್ಲಿ ಕರಾವಳಿ, ಮಲೆನಾಡು ಮತ್ತು ಬಯಲುಸೀಮೆ ಮೂರೂ ಕಡೆಗಳಲ್ಲಿ ಜನರು ಇದನ್ನು ಅರಸಿ ತಂದು ಉಣ್ಣುತ್ತಾರೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ ಭಾಗದ ಕೆಂಪುಮಣ್ಣಿನ ಹೊಲಗಳ ಬದು, ಗೋಮಾಳ ಹಾಗೂ ಕುರುಚಲು ಕಾಡುಗಳು ಇಂತಹ ಅಣಬೆಗೆ ತಕ್ಕ ನೆಲೆಗಳಾಗಿವೆ. ಗೆದ್ದಲಿನ ನೆರವಿಲ್ಲದೆ ಇದು ಬೆಳೆಯುವುದಿಲ್ಲವಾದ್ದರಿಂದ, ಇತರ ಅಣಬೆಗಳಂತೆ ಇದನ್ನು ಕೊಠಡಿಗಳಲ್ಲಿ ಬೆಳೆಸಿ ಮಾರುವ ಪದ್ಧತಿ ಇಲ್ಲ.

ಹೆಸರು

ಕನ್ನಡದಲ್ಲಿ ತಿನ್ನಲು ಬರುವುದನ್ನು ಸಾಮಾನ್ಯವಾಗಿ 'ಅಣಬೆ' ಎಂದೂ, ತಿನ್ನಬಾರದ್ದನ್ನು 'ನಾಯಿಕೊಡೆ' ಎಂದೂ ಕರೆಯುವುದು ವಾಡಿಕೆ. ಆದರೆ ಈ ವ್ಯತ್ಯಾಸವನ್ನು ಎಲ್ಲ ಊರುಗಳಲ್ಲಿಯೂ ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಅಲ್ಪಕಾಲದಲ್ಲಿ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಹುಟ್ಟಿಕೊಳ್ಳುವುದನ್ನು 'ನಾಯಿಕೊಡೆಗಳಂತೆ ತಲೆಯೆತ್ತಿವೆ' ಎನ್ನುವ ನುಡಿಗಟ್ಟು ಬಳಕೆಯಲ್ಲಿದೆ. ಕೊಡವ ಭಾಷೆಯಲ್ಲಿ ಅಣಬೆಗೆ 'ಕುಮ್ಮು' ಎಂದೂ, ತಮಿಳಿನಲ್ಲಿ 'ಕಾಳಾನ್' ಎಂದೂ, ಮಲಯಾಳದಲ್ಲಿ 'ಕೂಣ್' ಎಂದೂ ಹೆಸರು. ತೆಲುಗಿನ 'ಪುಟ್ಟಗೊಡುಗು' ಎಂಬ ಪದಕ್ಕೆ 'ಹುತ್ತದ ಕೊಡೆ' ಎಂದೇ ಅರ್ಥ. ಹುತ್ತಕ್ಕೂ ಅಣಬೆಗೂ ಇರುವ ನಂಟನ್ನು ಜನರು ಬಹು ಹಿಂದೆಯೇ ಗಮನಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಗೆದ್ದಲು ಮತ್ತು ಅಣಬೆಯ ಸಹಜೀವನ

ಗೆದ್ದಲು ಹುಳುಗಳಲ್ಲಿ ಒಂದು ವರ್ಗವು ತನ್ನ ಗೂಡಿನೊಳಗೆ ಶಿಲೀಂಧ್ರದ ತೋಟ ಮಾಡುತ್ತದೆ. ದಕ್ಷಿಣ ಭಾರತದಲ್ಲಿ ಹುತ್ತ ಕಟ್ಟುವ ಓಡೊಂಟೊಟರ್ಮಿಸ್ ಕುಲದ ಗೆದ್ದಲುಗಳು ಈ ವರ್ಗದವು. ಕೆಲಸಗಾರ ಹುಳುಗಳು ಒಣಗಿದ ಎಲೆ, ಹುಲ್ಲು, ಕಟ್ಟಿಗೆಯ ಚೂರುಗಳನ್ನು ತಿಂದು, ಅರೆಜೀರ್ಣವಾದ ಆ ಪದಾರ್ಥವನ್ನು ಗೂಡಿನೊಳಗೆ ಹಲ್ಲೆಗಳ ರೂಪದಲ್ಲಿ ಪೇರಿಸುತ್ತವೆ. ಸುರುಳಿ ಸುರುಳಿಯಾಗಿ, ತೂತುಗಳಿಂದ ಕೂಡಿದ ಈ ಹಲ್ಲೆಗಳ ಮೇಲೆ ಶಿಲೀಂಧ್ರದ ಬಿಳಿಯ ಎಳೆಗಳು ಹಬ್ಬುತ್ತವೆ.

ಮರದ ಗಟ್ಟಿ ಅಂಶಗಳನ್ನು ಗೆದ್ದಲು ತಾನಾಗಿ ಪೂರ್ತಿ ಅರಗಿಸಿಕೊಳ್ಳಲಾರದು. ಶಿಲೀಂಧ್ರವು ಅವನ್ನು ಒಡೆದು ಮೆದುಗೊಳಿಸುತ್ತದೆ. ಹಲ್ಲೆಯ ಮೇಲೆ ಮೂಡುವ ಬಿಳಿಯ ಸಣ್ಣ ಗುಂಡುಗಳನ್ನೂ, ಹಳೆಯದಾದ ಹಲ್ಲೆಯನ್ನೂ ಗೆದ್ದಲುಗಳು ತಿನ್ನುತ್ತವೆ. ಪ್ರತಿಯಾಗಿ ಶಿಲೀಂಧ್ರಕ್ಕೆ ಹದವಾದ ತೇವ, ಹೆಚ್ಚು ಏರಿಳಿತವಿಲ್ಲದ ಉಷ್ಣತೆ ಮತ್ತು ರಕ್ಷಣೆ ದೊರೆಯುತ್ತವೆ. ಈ ಸಹಜೀವನವು ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾಯಿತೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಮನುಷ್ಯನು ವ್ಯವಸಾಯ ಕಲಿತು ಸುಮಾರು ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ.

ಮಳೆ ಬಿದ್ದು ನೆಲ ನೆನೆದಾಗ ಹಲ್ಲೆಯಿಂದ ಅಣಬೆಯ ಮೊಗ್ಗು ಹೊರಟು ಮಣ್ಣನ್ನು ಭೇದಿಸಿಕೊಂಡು ಮೇಲೇರುತ್ತದೆ. ನಾವು ಕಾಣುವ ಕೊಡೆಯು ಬೀಜಕಗಳನ್ನು ಚೆಲ್ಲುವ ಅಂಗ ಮಾತ್ರ. ಶಿಲೀಂಧ್ರದ ನಿಜವಾದ ಶರೀರ ವರ್ಷವಿಡೀ ಗೂಡಿನೊಳಗೇ ಇರುತ್ತದೆ. ಗೂಡು ಉಳಿದಿದ್ದರೆ ಮರುವರ್ಷವೂ ಅದೇ ಜಾಗದಲ್ಲಿ ಅಣಬೆ ಏಳುವುದಕ್ಕೆ ಇದೇ ಕಾರಣ. ಎಲ್ಲ ಗೂಡುಗಳ ಮೇಲೂ ಎತ್ತರದ ಹುತ್ತ ಇರುವುದಿಲ್ಲವಾದ್ದರಿಂದ, ಸಮತಟ್ಟಾದ ನೆಲದಲ್ಲಿಯೂ ಇವು ಕಾಣಿಸಿಕೊಳ್ಳುತ್ತವೆ.

ಪ್ರಭೇದಗಳು

ಈ ಕುಲವನ್ನು 1942ರಲ್ಲಿ ಫ್ರಾನ್ಸಿನ ಶಿಲೀಂಧ್ರತಜ್ಞ ರೋಜರ್ ಹೈಮ್ ಹೆಸರಿಸಿದರು. ಅವರ ಗೌರವಾರ್ಥ ಹೆಸರು ಪಡೆದ ಟರ್ಮಿಟೊಮೈಸಿಸ್ ಹೈಮಿಯೈ ಪ್ರಭೇದವನ್ನು ದಕ್ಷಿಣ ಭಾರತದಿಂದ 1979ರಲ್ಲಿ ಕೆ. ನಟರಾಜನ್ ವಿವರಿಸಿದರು. ಇದು ಅಂಗೈಯಗಲದ ಬಿಳಿಯ ಕೊಡೆಯುಳ್ಳ, ದಪ್ಪ ಕಾಂಡದ ಅಣಬೆ. ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಬಹಳ ಚಿಕ್ಕದು. ಇದರ ಕೊಡೆ ಒಂದೆರಡು ಸೆಂಟಿಮೀಟರ್ ಅಗಲವಿದ್ದು, ಗೆದ್ದಲುಗಳು ಹೊರಕ್ಕೆ ತಂದು ಹರಡಿದ ಹಲ್ಲೆಯ ಚೂರುಗಳ ಮೇಲೆ ನೂರಾರು ಸಂಖ್ಯೆಯಲ್ಲಿ ಹಾಸಿದಂತೆ ಏಳುತ್ತದೆ. ಆಫ್ರಿಕಾದ ಜಾಂಬಿಯಾದಿಂದ 1980ರಲ್ಲಿ ವಿವರಿಸಲಾದ ಟರ್ಮಿಟೊಮೈಸಿಸ್ ಟೈಟಾನಿಕಸ್ ಪ್ರಭೇದದ ಕೊಡೆ ಸುಮಾರು 1 ಮೀಟರ್ ಅಗಲ ಬೆಳೆಯಬಲ್ಲದು.

ಹೊಳಲ್ಕೆರೆ ಪ್ರದೇಶದಲ್ಲಿ

ಚಿತ್ರದುರ್ಗವು ಕಡಿಮೆ ಮಳೆಯ ಜಿಲ್ಲೆ. ಆದರೆ ಜಿಲ್ಲೆಯ ಪಶ್ಚಿಮ ಭಾಗದ ಹೊಳಲ್ಕೆರೆಗೆ ಹಿರಿಯೂರು, ಚಳ್ಳಕೆರೆಗಳಿಗಿಂತ ಹೆಚ್ಚು ಮಳೆ ದೊರೆಯುತ್ತದೆ. ಮಲೆನಾಡಿನಲ್ಲಿ ಮುಂಗಾರು ಆರಂಭವಾದೊಡನೆ ಅಣಬೆಯ ಕಾಲ ಬರುತ್ತದೆ. ಈ ಜಿಲ್ಲೆಯಲ್ಲಾದರೋ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆದ್ದರಿಂದ ಮೊದಲ ಮಳೆಗಳಲ್ಲಿ ನೆಲ ಚೆನ್ನಾಗಿ ನೆನೆಯದ ವರ್ಷಗಳಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಅಣಬೆಗೆ ಆಧಾರ. ಗುಡುಗು ಸಿಡಿಲಿನ ಮಳೆಗೆ ಅಣಬೆ ಏಳುತ್ತದೆ ಎಂಬ ನಂಬಿಕೆ ಗ್ರಾಮೀಣರಲ್ಲಿದೆ. ಬಿಸಿಲಿಗೆ ಕಾದ ನೆಲದ ಮೇಲೆ ಬೀಳುವ ಜೋರು ಮಳೆಗಳು ಸಾಮಾನ್ಯವಾಗಿ ಗುಡುಗಿನೊಡನೆ ಬರುವುದರಿಂದ ಈ ನಂಬಿಕೆ ಬೆಳೆದಿರಬಹುದು.

ಗುರುತಿಸುವಿಕೆ

ಹುತ್ತದ ಅಣಬೆಯ ಮುಖ್ಯ ಲಕ್ಷಣಗಳು ಇವು:

• ಬೇರಿನಂತಹ ಕಾಂಡ: ದೊಡ್ಡ ಪ್ರಭೇದಗಳಲ್ಲಿ ಕಾಂಡವು ನೆಲದೊಳಗೆ ಬೇರಿನಂತೆ ಇಳಿದು ಗೆದ್ದಲಿನ ಹಲ್ಲೆಯನ್ನು ಮುಟ್ಟುತ್ತದೆ. ಇದು ಅತಿ ಮುಖ್ಯ ಲಕ್ಷಣ.
• ಕೊಡೆಯ ಮೊನೆ: ಕೊಡೆಯ ನಡುವೆ ಕಂದು ಅಥವಾ ಬೂದು ಬಣ್ಣದ ಗಟ್ಟಿಯಾದ ಉಬ್ಬು ಇರುತ್ತದೆ. ಗಟ್ಟಿ ಮಣ್ಣನ್ನು ಸೀಳಿ ಬರಲು ಇದು ನೆರವಾಗುತ್ತದೆ.
• ಕಿವಿರುಗಳು: ಕೊಡೆಯ ಅಡಿಯ ಪದರಗಳು ಮೊದಲು ಬಿಳಿಯಾಗಿದ್ದು, ಬಲಿತಂತೆ ನಸುಗೆಂಪು ಛಾಯೆ ಪಡೆಯುತ್ತವೆ.
• ಬೀಜಕದ ಬಣ್ಣ: ಬಲಿತ ಕೊಡೆಯನ್ನು ಕಾಗದದ ಮೇಲೆ ಕವುಚಿಟ್ಟು ರಾತ್ರಿಯಿಡೀ ಬಿಟ್ಟರೆ ನಸುಗೆಂಪು ಮಿಶ್ರಿತ ಕೆನೆಬಣ್ಣದ ಪುಡಿ ಉದುರಿರುತ್ತದೆ.

ಕಾಂಡದ ಮೇಲಿನ ಉಂಗುರವೊಂದನ್ನೇ ನೋಡಿ ನಿರ್ಧರಿಸಲಾಗದು. ಹೈಮಿಯೈ ಪ್ರಭೇದಕ್ಕೂ ಉಂಗುರವಿದೆ, ಹಲವು ವಿಷ ಅಣಬೆಗಳಿಗೂ ಇದೆ. ಪುಸ್ತಕ ಅಥವಾ ಚಿತ್ರವನ್ನಷ್ಟೇ ನಂಬದೆ, ಆಯಾ ಊರಿನಲ್ಲಿ ಹಲವು ವರ್ಷ ಅಣಬೆ ಕಿತ್ತು ತಿಂದವರೊಡನೆ ಹೋಗಿ ಕಣ್ಣಾರೆ ಕಲಿಯುವುದು ಅಗತ್ಯ. ಅನುಮಾನವಿರುವ ಅಣಬೆಯನ್ನು ತಿನ್ನಬಾರದು.

ವಿಷ ಅಣಬೆಗಳು

ಹುಲ್ಲುಗಾವಲು, ತೋಟ ಮತ್ತು ಅಂಗಳಗಳಲ್ಲಿ ಬೆಳೆಯುವ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ನೋಡಲು ದೊಡ್ಡದಾಗಿ, ಬಿಳಿಯಾಗಿ, ತಿನ್ನುವ ಅಣಬೆಯಂತೆಯೇ ತೋರುತ್ತದೆ. ಬಲಿತಾಗ ಇದರ ಕಿವಿರು ಹಸಿರುಬೂದು ಬಣ್ಣಕ್ಕೆ ತಿರುಗುತ್ತದೆ, ಬೀಜಕದ ಪುಡಿಯೂ ಹಸಿರು. ಎಳೆಯದಿರುವಾಗ ಈ ಗುರುತು ಕಾಣದು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗುತ್ತವೆ.

ಅಮಾನಿಟ ಕುಲದ ಕೆಲವು ಅಣಬೆಗಳು ಪ್ರಾಣಾಂತಿಕ. ಇವುಗಳ ಬುಡದಲ್ಲಿ ಚೀಲದಂತಹ ಹೊದಿಕೆ ಇರುತ್ತದೆ. ಕಾಂಡವನ್ನು ಮೇಲಿನಿಂದ ಮುರಿದುಕೊಂಡರೆ ಈ ಗುರುತು ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಇವುಗಳ ವಿಷದ ಲಕ್ಷಣಗಳು 6ರಿಂದ 24 ಗಂಟೆಗಳ ನಂತರ ತೋರುತ್ತವೆ. ಬಳಿಕ ರೋಗಿಯು ಚೇತರಿಸಿಕೊಂಡಂತೆ ಕಂಡರೂ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೇಯಿಸುವುದರಿಂದಾಗಲಿ, ಒಣಗಿಸುವುದರಿಂದಾಗಲಿ ಈ ವಿಷ ನಾಶವಾಗದು.

ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ, ಜೊತೆಗೆ ಬೇಯಿಸಿದ ಬೆಳ್ಳುಳ್ಳಿಯ ಬಣ್ಣ ಬದಲಾಗದಿದ್ದರೆ ನಿರ್ವಿಷ, ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದು ಎಂಬ ಪರೀಕ್ಷೆಗಳಾವುವೂ ನಂಬಲರ್ಹವಲ್ಲ. ಅಣಬೆ ತಿಂದು ಅಸ್ವಸ್ಥರಾದವರನ್ನು ಮನೆಮದ್ದಿನಲ್ಲಿ ಕಾಲ ಕಳೆಯದೆ, 108 ಸಂಖ್ಯೆಯ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಬೇಕು. ಉಳಿದ ಅಣಬೆಯಿದ್ದರೆ ವೈದ್ಯರಿಗೆ ತೋರಿಸಲು ಕೊಂಡೊಯ್ಯಬೇಕು. ಒಟ್ಟಿಗೆ ಉಂಡವರೆಲ್ಲರನ್ನೂ ತಪಾಸಣೆಗೆ ಒಳಪಡಿಸಬೇಕು.

ಸಂಗ್ರಹ ಮತ್ತು ಅಡುಗೆ

ಕೊಡೆ ಪೂರ್ತಿ ಬಿಚ್ಚುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಕಿತ್ತ ಅಣಬೆ ಉತ್ತಮ. ಒಂದು ದಿನ ಕಳೆದರೆ ಹುಳು ಬೀಳುತ್ತದೆ, ವಾಸನೆ ಕೆಡುತ್ತದೆ. ಹುತ್ತಗಳಲ್ಲಿ ನಾಗರಹಾವು ಸೇರಿಕೊಂಡಿರುವುದುಂಟು. ಆದ್ದರಿಂದ ಬಿಲಗಳಿಗೆ ಕೈ ಹಾಕದೆ, ಸುತ್ತಲಿನ ಹುಲ್ಲನ್ನು ಕೋಲಿನಿಂದ ಸರಿಸಿ ನೋಡುವುದು ಕ್ಷೇಮ. ಕೀಟನಾಶಕ ಸಿಂಪಡಿಸಿದ ಹೊಲ ಹಾಗೂ ಹೆದ್ದಾರಿಯ ಪಕ್ಕದ ಅಣಬೆಗಳನ್ನು ಬಿಡಬೇಕು.

ಬುಡದ ಮಣ್ಣನ್ನು ಕೆರೆದು, ಎರಡು ಮೂರು ನೀರಿನಲ್ಲಿ ತೊಳೆದು, ಕೈಯಿಂದ ಸೀಳಿಕೊಂಡು ಬಳಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಧನಿಯ, ಒಣಮೆಣಸಿನಕಾಯಿ, ಚಕ್ಕೆ ಲವಂಗ, ಕಾಯಿತುರಿ ರುಬ್ಬಿ ಹಾಕಿದ ಅಣಬೆ ಸಾರನ್ನು ಬಯಲುಸೀಮೆಯಲ್ಲಿ ರಾಗಿಮುದ್ದೆಯೊಡನೆ ಉಣ್ಣುತ್ತಾರೆ. ಒಗ್ಗರಣೆಯಲ್ಲಿ ಬಾಡಿಸಿದ ಪಲ್ಯ ರೊಟ್ಟಿಗೆ ಹೊಂದುತ್ತದೆ. ಹಸಿಯಾಗಿ ತಿನ್ನುವುದು ಸರಿಯಲ್ಲ. ಮೊದಲ ಬಾರಿಗೆ ತಿನ್ನುವವರು ಸ್ವಲ್ಪವೇ ತಿನ್ನುವುದು ಒಳ್ಳೆಯದು.

ಆಚಾರ ಮತ್ತು ನಂಬಿಕೆ

ಮನುಸ್ಮೃತಿಯ 5ನೆಯ ಅಧ್ಯಾಯವು ಬೆಳ್ಳುಳ್ಳಿ, ಈರುಳ್ಳಿಗಳೊಡನೆ 'ಕವಕ'ವನ್ನೂ, ಎಂದರೆ ಅಣಬೆಯನ್ನೂ, ನಿಷಿದ್ಧ ಪದಾರ್ಥಗಳಲ್ಲಿ ಎಣಿಸಿದೆ. ಜೈನರೂ ಅಣಬೆಯನ್ನು ವರ್ಜಿಸುತ್ತಾರೆ. ಸಸ್ಯಾಹಾರಿ ಕುಟುಂಬಗಳಲ್ಲಿ ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಇನ್ನೊಂದೆಡೆ ಹುತ್ತವು ಪೂಜಾಸ್ಥಾನ. ನಾಗರಪಂಚಮಿಯಂದು ಹಾಲೆರೆಯುವ ಹುತ್ತಗಳನ್ನು ಜನ ಅಗೆಯುವುದಿಲ್ಲ. ಈ ಭಕ್ತಿಯಿಂದ ಉಳಿದ ಹುತ್ತಗಳ ಒಳಗಿನ ಶಿಲೀಂಧ್ರವೂ ಉಳಿದುಕೊಳ್ಳುತ್ತದೆ.

ಇತರ ಖಾದ್ಯ ಅಣಬೆಗಳು

ಕರಾವಳಿ ಮತ್ತು ಪಶ್ಚಿಮಘಟ್ಟದ ಅಂಚಿನಲ್ಲಿ ಮುಂಗಾರಿನ ಆರಂಭಕ್ಕೆ ದೊರೆಯುವ, ಗೋಲಿಯಂತಹ 'ಕಲ್ಲಣಬೆ' ಆಸ್ಟ್ರಿಯಸ್ ಕುಲದ್ದು. ಒಳಭಾಗ ಬೆಳ್ಳಗಿರುವಾಗ ಮಾತ್ರ ಇದನ್ನು ತಿನ್ನುತ್ತಾರೆ. ಕೊಳೆತ ಭತ್ತದ ಹುಲ್ಲಿನ ಮೇಲೆ ಬೆಳೆಯುವ ಹುಲ್ಲಣಬೆಯೂ ರುಚಿಕರ. ಆದರೆ ಇದಕ್ಕೂ ಬುಡದಲ್ಲಿ ಚೀಲವಿರುವುದರಿಂದ ಅಮಾನಿಟದೊಡನೆ ಗೊಂದಲವಾಗುವ ಅಪಾಯವಿದೆ. ಮರದ ಮೇಲೆ ಬೆಳೆಯುವ ಚಿಪ್ಪಣಬೆಯನ್ನು ಈಗ ಕೃತಕವಾಗಿಯೂ ಬೆಳೆಸುತ್ತಾರೆ. ಇದರ ಬೇಸಾಯದ ಕುರಿತು ಬೆಂಗಳೂರು ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಂಶೋಧನೆ ನಡೆಸಿದೆ.

ಸಂರಕ್ಷಣೆ

ಹೊಲವನ್ನು ಸಮತಟ್ಟು ಮಾಡಲು ಹುತ್ತಗಳನ್ನು ಯಂತ್ರಗಳಿಂದ ನೆಲಸಮ ಮಾಡುವುದು, ಗೆದ್ದಲು ನಾಶಕ್ಕಾಗಿ ಕ್ಲೋರ್‌ಪೈರಿಫಾಸ್‌ನಂತಹ ಔಷಧ ಸುರಿಯುವುದು ಮತ್ತು ಗೋಮಾಳಗಳು ಕಿರಿದಾಗುವುದು ಈ ಅಣಬೆಗೆ ಒದಗಿರುವ ಮುಖ್ಯ ಅಪಾಯಗಳು. ಗೆದ್ದಲು ಬೆಳೆಗೂ ಮನೆಯ ಮರಮುಟ್ಟಿಗೂ ಹಾನಿ ಮಾಡುವುದು ನಿಜ. ಆದರೆ ಬದುಗಳಲ್ಲಿ ಮತ್ತು ಬೀಳು ನೆಲದಲ್ಲಿ ಇರುವ ಗೂಡುಗಳು ಒಣಕಸವನ್ನು ಮಣ್ಣಿಗೆ ಸೇರಿಸಿ, ನೆಲಕ್ಕೆ ನೀರು ಇಂಗಲು ನೆರವಾಗುತ್ತವೆ. ಅಣಬೆ ಕೀಳುವಾಗ ಗೂಡನ್ನು ಅಗೆಯದಿರುವುದು, ಕೆಲವು ಕೊಡೆಗಳನ್ನು ಬೀಜಕ ಚೆಲ್ಲಲು ಬಿಡುವುದು ಮರುವರ್ಷದ ಫಸಲನ್ನು ಕಾಪಾಡುವ ವಿಧಾನಗಳು. ಜೋಗಿಮಟ್ಟಿಯಂತಹ ವನ್ಯಜೀವಿಧಾಮಗಳಲ್ಲಿ ಅರಣ್ಯ ಉತ್ಪನ್ನಗಳ ಸಂಗ್ರಹಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಗಳು ಅನ್ವಯಿಸುತ್ತವೆ.

ಇವನ್ನೂ ನೋಡಿ

• ಅಣಬೆ
• ಗೆದ್ದಲು
• ಶಿಲೀಂಧ್ರ
• ಸಹಜೀವನ
• ಹೊಳಲ್ಕೆರೆ