ಕೆಟಲ್ ಮೇಲಿನ ನಂಬರು

ಆನ್‌ಸೈಟ್ ಅಂತ ಲಂಡನ್‌ಗೆ ಹೋದ ಹೊಸದರಲ್ಲಿ ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ ಒಂದು ಸುತ್ತು ಓಡಾಡೋ ಅಭ್ಯಾಸ ಮಾಡ್ಕೊಂಡಿದ್ದೆ. ನಮ್ಮ ಕ್ಲೈಂಟ್ ಆಫೀಸು ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಹತ್ತಿರ. ಅಲ್ಲಿಂದ ಹತ್ತು ನಿಮಿಷ ಪೂರ್ವಕ್ಕೆ ನಡೆದರೆ ಸ್ಪಿಟಲ್‌ಫೀಲ್ಡ್ಸ್. ಗಾಜಿನ ಕಟ್ಟಡಗಳು ಮುಗಿದು ಇಟ್ಟಿಗೆಯ ಹಳೇ ಮನೆಗಳು ಶುರುವಾಗುವ ಜಾಗ. ಒಂದಿನ ಹೀಗೇ ಬ್ರೂನ್ ಸ್ಟ್ರೀಟ್ ಅನ್ನೋ ಸಣ್ಣ ಬೀದಿಗೆ ತಿರುಗಿದೆ. ಎದುರಿಗಿದ್ದ ಕಟ್ಟಡದ ನೆತ್ತಿ ಮೇಲೆ ದೊಡ್ಡ ಅಕ್ಷರದಲ್ಲಿ 'ಸೂಪ್ ಕಿಚನ್ ಫಾರ್ ದ ಜ್ಯೂಯಿಷ್ ಪೂರ್' ಅಂತಿತ್ತು. ಬಡ ಯಹೂದಿಗಳಿಗಾಗಿ ಸೂಪಿನ ಅಡುಗೆಮನೆ. ಜೊತೆಗೆ ಎರಡು ಇಸವಿ. ಒಂದು 1902, ಇನ್ನೊಂದು ಯಹೂದಿ ಪಂಚಾಂಗದ 5662. ನಡುವೆ ಒಂದು ಸೂಪಿನ ಪಾತ್ರೆಯ ಉಬ್ಬುಚಿತ್ರ. ಬಾಗಿಲುಗಳ ಮೇಲೂ ಕೆತ್ತನೆ ಇತ್ತು: 'ವೇ ಇನ್', 'ವೇ ಔಟ್'.

ಬಂದವರು ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ನೂಕುನುಗ್ಗಲು ಆಗಬಾರದು ಅಂತ ಇರಬಹುದು. ಆದರೂ ಕಲ್ಲಲ್ಲಿ ಕೆತ್ತಿಸೋವಷ್ಟು ಜನ ಬರ್ತಿದ್ರು ಅಂದ್ರೆ ಯೋಚಿಸಿ. ಈಗ ಅದೇ ಕಟ್ಟಡದೊಳಗೆ ಫ್ಲ್ಯಾಟುಗಳಿವೆ. ಅಲ್ಲಿನ ಬಾಡಿಗೆ ನಮ್ಮಂಥ ಆನ್‌ಸೈಟ್ ಗಿರಾಕಿಗಳ ಕೈಗೆಟುಕುವ ಮಾತಲ್ಲ ಬಿಡಿ.

ಅವತ್ತು ಸಂಜೆಯಿಂದಲೇ ಓದೋಕೆ ಶುರು ಹಚ್ಕೊಂಡೆ. ಈ ಅಡುಗೆಮನೆ ಹುಟ್ಟಿದ್ದು 1854ರಲ್ಲಿ, ಬೇರೆ ಬೀದಿಯಲ್ಲಿ. ಅಲ್ಲಿ ಇಲ್ಲಿ ಅಲೆದು 1902ರಲ್ಲಿ ಈ ಸ್ವಂತ ಕಟ್ಟಡಕ್ಕೆ ಬಂತು. 1992ರಲ್ಲಿ ಬಾಗಿಲು ಹಾಕ್ತು. ಮುಖ್ಯವಾಗಿ ಚಳಿಗಾಲದಲ್ಲಿ, ವಾರದ ಕೆಲವು ದಿನ, ಸೂಪು ಮತ್ತು ಬ್ರೆಡ್ಡು. ಸಾಲು ಸಾಲು ಸ್ವಯಂಸೇವಕರು ನಿಂತು ಬಡಿಸ್ತಿದ್ರು. ಬೇಕಾದವರು ಮೊದಲು ಅರ್ಜಿ ಹಾಕಬೇಕು. ಮನೆಯಲ್ಲಿ ಎಷ್ಟು ಜನ, ದುಡಿಮೆ ಏನು ಅಂತ ವಿಚಾರಣೆ ಆಗ್ತಿತ್ತು. ಹೂಂ ಅಂದರೆ ಒಂದು ಕೆಟಲ್ ಕೊಡ್ತಿದ್ರು. ಹಿಡಿಕೆ ಇರೋ ಲೋಹದ ಪಾತ್ರೆ ಅಷ್ಟೆ. ಅದರ ಮೇಲೆ ಅಡುಗೆಮನೆಯ ಹೆಸರು, ಪಕ್ಕದಲ್ಲಿ ಒಂದು ನಂಬರು. ಆ ಕುಟುಂಬಕ್ಕೆ ಎಷ್ಟು ಪಾಲು ಸೂಪು ಹಾಕಬೇಕು ಅನ್ನೋದಕ್ಕೆ ಆ ನಂಬರು.

ಇಲ್ಲಿಗೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಯಾಕಂದ್ರೆ ನನ್ನ ತಟ್ಟೆಗೂ ಒಂದು ನಂಬರಿತ್ತು. 47.

ಪಿಯುಸಿಗೆ ನಾನು ಸೇರಿದ್ದು ಜಿಲ್ಲಾ ಕೇಂದ್ರದ ಒಂದು ಉಚಿತ ಹಾಸ್ಟೆಲ್ಲಿಗೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಹಿಡ್ಕೊಂಡು ಅಪ್ಪ ಕಮಿಟಿಯವರ ಮುಂದೆ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ಕೊಂಡು ನಿಂತಿದ್ದರು. 'ಎಷ್ಟು ಎಕರೆ? ಬೋರ್ ಇದೆಯಾ? ಮತ್ತೆ ಮಗಳಿಗೆ ಮದುವೆ ಹೆಂಗ್ ಮಾಡಿದ್ರಿ?' ಸೀಟು ಸಿಕ್ತು. ಸ್ಟೀಲ್ ತಟ್ಟೆಯ ಅಂಚಿಗೆ ಮೊಳೆಯಿಂದ ಚುಕ್ಕಿ ಚುಕ್ಕಿ ಹೊಡೆದು 47 ಅಂತ ಬರೆದಿದ್ದರು. ಎರಡು ವರ್ಷ ಊಟದ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದ ನೆನಪಿಲ್ಲ. ಆ ಅನ್ನ ಇಲ್ಲದಿದ್ದರೆ ಬಿಇನೂ ಇಲ್ಲ, ಲಂಡನ್ನೂ ಇಲ್ಲ. ಅದನ್ನ ಮರೆತಿಲ್ಲ. ಹಾಗಂತ ಹಬ್ಬದ ದಿನ ದಾನಿಗಳು ಬಂದಾಗ ಸಾಲಾಗಿ ನಿಂತು ಕೈಮುಗಿದು ಫೋಟೋಗೆ ನಗಬೇಕಾಗಿದ್ದನ್ನೂ ಮರೆತಿಲ್ಲ.

ಆದ್ದರಿಂದ ಈ ಕೆಟಲ್ಲಿನ ಹಿಂದೆ ಬಿದ್ದೆ ಅನ್ನಿ.

ಮೊದಲ ಪ್ರಶ್ನೆ, ಯಹೂದಿಗಳಿಗೇ ಪ್ರತ್ಯೇಕ ಅಡುಗೆಮನೆ ಯಾಕೆ? ಆ ಕಾಲದ ಇಂಗ್ಲೆಂಡಿನಲ್ಲಿ ಗತಿ ಇಲ್ಲದವರಿಗೆ ಸರ್ಕಾರದ ವರ್ಕ್‌ಹೌಸ್ ಇತ್ತು. ಅಲ್ಲಿನ ಊಟ ಕೋಷರ್ ಅಲ್ಲ, ಅಂದರೆ ಯಹೂದಿ ಆಚಾರಕ್ಕೆ ಒಗ್ಗೋದಿಲ್ಲ. ಇನ್ನೊಂದು ಕಾರಣ ಅದಕ್ಕಿಂತ ಆಳದ್ದು. ಯಹೂದಿಗಳು ಹೋದಲ್ಲೆಲ್ಲ 'ನಿಮ್ಮ ಬಡವರು ನಮಗೆ ಹೊರೆಯಾಗಬಾರದು' ಅನ್ನೋ ಮಾತು ಹಿಂದೆಯೇ ಬರ್ತಿತ್ತು. ಈಗಿನ ನ್ಯೂಯಾರ್ಕ್ ಇನ್ನೂ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿದ್ದಾಗ, 1655ರಲ್ಲಿ, ಯಹೂದಿಗಳಿಗೆ ಅಲ್ಲಿರೋಕೆ ಒಪ್ಪಿಗೆ ಕೊಟ್ಟ ಕಂಪನಿ ಇದನ್ನೇ ಷರತ್ತಾಗಿ ಹಾಕಿತ್ತು: ನಿಮ್ಮ ಬಡವರನ್ನ ನೀವೇ ನೋಡಿಕೊಳ್ಳಿ. ಹಾಗಾಗಿ ತಮ್ಮವರ ಹೊಟ್ಟೆ ತುಂಬಿಸೋದು ಅವರಿಗೆ ಬರೀ ಧರ್ಮ ಆಗಿರಲಿಲ್ಲ, ಊರಲ್ಲಿ ಉಳಿಯೋದಕ್ಕೆ ಕಟ್ಟೋ ಕಂದಾಯದ ಥರಾನೂ ಆಗಿತ್ತು.

ಈ ಭಯ ಮನುಷ್ಯರ ಕೈಲಿ ಏನೇನು ಮಾಡಿಸ್ತು ಅನ್ನೋದು ಲಂಡನ್ನಿನ ಕಥೆಯಲ್ಲಿ ಚೆನ್ನಾಗಿ ಕಾಣುತ್ತೆ. 1859ರಲ್ಲಿ ಅಲ್ಲಿನ ಅನುಕೂಲಸ್ಥ ಯಹೂದಿಗಳು ಸೇರಿ 'ಬೋರ್ಡ್ ಆಫ್ ಗಾರ್ಡಿಯನ್ಸ್' ಅನ್ನೋ ಸಂಸ್ಥೆ ಕಟ್ಟಿದರು. ಒಳ್ಳೇ ಕೆಲಸ ಬಹಳ ಮಾಡಿದರು. ಬಡವರಿಗೆ ಸಾಲ ಕೊಟ್ಟರು, ಹೊಲಿಗೆ ಮೆಷಿನ್ ಕೊಡಿಸಿ ಕಂತಲ್ಲಿ ತೀರಿಸ್ಕೊಂಡರು, ಹುಡುಗರನ್ನ ಕಸುಬು ಕಲಿಯೋಕೆ ಹಚ್ಚಿದರು. ಆದರೆ ಆರು ತಿಂಗಳು ಈ ದೇಶದಲ್ಲಿ ಇರದವರಿಗೆ ಸಹಾಯ ಇಲ್ಲ ಅನ್ನೋ ನಿಯಮವನ್ನೂ ಶುರುವಿನಲ್ಲೇ ಮಾಡಿದ್ದರು. ಹಡಗಿಳಿದವನಿಗೆ ಹಸಿವಾಗೋದು ಮೊದಲ ದಿನ ತಾನೇ?

1881ರಲ್ಲಿ ರಷ್ಯಾದ ಜಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೇ ಯಹೂದಿಗಳ ಮೇಲೆ ಹಲ್ಲೆ, ಲೂಟಿ. ಮುಂದಿನ ಮೂವತ್ತು ಚಿಲ್ಲರೆ ವರ್ಷದಲ್ಲಿ ಪೂರ್ವ ಯುರೋಪಿನಿಂದ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬ್ರಿಟನ್ನಿಗೆ ಬಂದರು. ಬಹುಪಾಲು ಜನ ಇಳಿದಿದ್ದು ಇದೇ ಈಸ್ಟ್ ಎಂಡ್‌ನಲ್ಲಿ. ಸೈಮನ್ ಕೋಹೆನ್ ಅನ್ನೋ ಬೇಕರಿಯವನೊಬ್ಬ ಹಾಗೆ ಬಂದವರಿಗೆ ಮಲಗೋಕೆ ಜಾಗ ಕೊಡೋಕೆ ಶುರು ಮಾಡಿದ. ದೊಡ್ಡ ಏರ್ಪಾಡೇನಲ್ಲ. ಒಂದು ಮಾಡು, ಒಂದಿಷ್ಟು ತಿನ್ನೋಕೆ. 1885ರಲ್ಲಿ ಬೋರ್ಡಿನವರು ಬಂದು ನೋಡಿದರು. ಜಾಗ ಗಲೀಜು, ಆರೋಗ್ಯಕ್ಕೆ ಒಳ್ಳೇದಲ್ಲ ಅಂದರು, ಮುಚ್ಚಿಸಿದರು. ಗಲೀಜಿದ್ದದ್ದು ನಿಜಾನೇ ಇರಬಹುದು. ಆದರೆ ಇಂಥಾ ಜಾಗ ಇದ್ದರೆ ಇನ್ನಷ್ಟು ಬಡವರು ಹಡಗು ಹತ್ತುತ್ತಾರೆ ಅನ್ನೋ ಅಂಜಿಕೆಯೂ ಅವರಿಗಿತ್ತು. ವಲಸೆ ಬಂದವರು ಸಭೆ ಸೇರಿ ಗಲಾಟೆ ಮಾಡಿದರು. ಹರ್ಮನ್ ಲ್ಯಾಂಡೌ, ಸ್ಯಾಮ್ಯುಯೆಲ್ ಮಾಂಟೆಗು ಅಂಥ ದುಡ್ಡಿದ್ದ ಕೆಲವರು ಅವರ ಕಡೆ ನಿಂತರು. ಅದೇ ವರ್ಷ ಹೊಸ ಆಶ್ರಯ ಮನೆ ತೆರೆಯಿತು. ಅಲ್ಲೂ ಹದಿನಾಲ್ಕು ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ.

ಬೋರ್ಡು ಸಾವಿರಾರು ಜನಕ್ಕೆ ಹಡಗಿನ ಚಾರ್ಜು ಕೊಟ್ಟು ಬಂದ ಕಡೆಗೇ ವಾಪಸ್ ಕಳಿಸಿತು. 1888ರಲ್ಲಿ ಬ್ರಿಟನ್ನಿನ ಮುಖ್ಯ ರಬ್ಬಿ ನೇಥನ್ ಆಡ್ಲರ್, ಪೂರ್ವ ಯುರೋಪಿನ ರಬ್ಬಿಗಳಿಗೆ ಪತ್ರ ಬರೆದು ನಿಮ್ಮ ಜನಕ್ಕೆ ಇಲ್ಲಿಗೆ ಬರಬೇಡಿ ಅಂತ ಹೇಳಿ ಅಂದ. ಇವರನ್ನ ಕಟುಕರು ಅನ್ನೋದು ಸುಲಭ. ನನಗೆ ಹಾಗನ್ನಿಸಲ್ಲ. ತಲೆಮಾರುಗಟ್ಟಲೆ ಹೆಣಗಿ, ಕೋಟು ಟೋಪಿ ಹಾಕಿ, ಇಂಗ್ಲಿಷ್ ಕಲಿತು ಇಂಗ್ಲಿಷರ ಪಕ್ಕ ಕುರ್ಚಿ ಗಿಟ್ಟಿಸಿದ್ದರು. ಅಷ್ಟರಲ್ಲಿ ಹಳ್ಳಿಯ ನೆಂಟರು ಗಂಟುಮೂಟೆ ಕಟ್ಕೊಂಡು ಬಾಗಿಲಿಗೆ ಬಂದರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿಯವನು ಅಪ್ಪನನ್ನ ತಡೆದು ನನಗೆ ಫೋನ್ ಮಾಡಿದಾಗ, ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದರಿಂದ 'ಯಾರೋ ಊರಿನವರು, ಕಳಿಸಿ' ಅಂದವನು ನಾನು. ಇನ್ನೊಬ್ಬರನ್ನ ಅಳೆಯೋಕೆ ಹೊರಟರೆ ಇದು ಅಡ್ಡ ಬರುತ್ತೆ.

ಇದನ್ನೆಲ್ಲ ಊಟದ ಹೊತ್ತಲ್ಲಿ ನಮ್ಮ ಟೀಮಿನ ಟೆಸ್ಟಿಂಗ್ ಲೀಡ್ ಹತ್ತಿರ ಹೇಳಿದೆ. ಆಕೆ ಯಹೂದಿ ಅಂತ ಅಲ್ಲೀತನಕ ಗೊತ್ತಿರಲಿಲ್ಲ. ಆಕೆಯ ಅಜ್ಜನ ಮನೆಯಲ್ಲೂ ಅಂಥದೇ ಒಂದು ಕೆಟಲ್ ಇತ್ತಂತೆ. ಅಜ್ಜಿ ಅದನ್ನ ಯಾರಿಗೂ ಕಾಣದ ಹಾಗೆ ಬಟ್ಟೆ ಸುತ್ತಿ ಒಯ್ತಿದ್ದಳಂತೆ. 'ಇಷ್ಟು ಆಸಕ್ತಿ ಇದ್ರೆ ಗುರುವಾರ ಸಂಜೆ ಬಾ, ನಮಗೆ ಕೈ ಕಮ್ಮಿ ಬಿದ್ದಿವೆ' ಅಂದಳು. ಉತ್ತರ ಲಂಡನ್ನಿನಲ್ಲಿ ಒಂದು ಯಹೂದಿ ಸೇವಾಸಂಸ್ಥೆ. ಶುಕ್ರವಾರ ಸೂರ್ಯ ಮುಳುಗಿದರೆ ಸಬ್ಬತ್ ಶುರು, ಅಷ್ಟರೊಳಗೆ ಬಡ ಕುಟುಂಬಗಳಿಗೆ ವಾರದ ದಿನಸಿ ಮುಟ್ಟಬೇಕು. ಹೋದೆ. ಎಂಟು ತಿಂಗಳು ಹೋದೆ.

ನಮ್ಮ ಕಂಪನಿಗಳ ಸಿಎಸ್‌ಆರ್ ದಿನ ನೋಡಿದವನಿಗೆ ಮೊದಲ ಸಲ ಅಲ್ಲಿ ಏನೋ ಕಮ್ಮಿ ಅನ್ನಿಸ್ತು. ಬ್ಯಾನರ್ ಇಲ್ಲ, ಒಂದೇ ಬಣ್ಣದ ಟೀಶರ್ಟ್ ಇಲ್ಲ, ಫೋಟೋ ತೆಗೆಯೋ ಹಾಗೇ ಇಲ್ಲ. ಉದ್ದದ ಮೇಜು, ಎರಡೂ ಕಡೆ ನಾವು. ಶಾಲೆ ಮಕ್ಕಳಿಂದ ರಿಟೈರ್ ಆದ ಅಜ್ಜಂದಿರವರೆಗೆ. ಆಲೂಗಡ್ಡೆ, ಈರುಳ್ಳಿ, ಮೊಟ್ಟೆ, ಡಬ್ಬಿಯ ಮೀನು, ಜಡೆಯ ಹಾಗೆ ಹೆಣೆದ ಹಲ್ಲಾ ಬ್ರೆಡ್ಡು. ಪೆಟ್ಟಿಗೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಅಂತ ಆಫೀಸಿನಲ್ಲಿ ಒಬ್ಬಿಬ್ಬರಿಗೆ ಮಾತ್ರ ಗೊತ್ತು. ತಲುಪಿಸೋಕೆ ಹೋಗುವ ಡ್ರೈವರಿಗೂ ಬರೀ ವಿಳಾಸ. ಬಾಗಿಲ ಹತ್ತಿರ ಇಟ್ಟು, ಬೆಲ್ ಹೊಡೆದು ಹೊರಟುಬಿಡಬೇಕು. ಬಾಗಿಲು ತೆಗೆಯೋವರೆಗೆ ಕಾಯುವಂತಿಲ್ಲ.

ಈ ನಿಯಮ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಮೇಜಿನಾಚೆಯ ಅಜ್ಜ ಈರುಳ್ಳಿ ತುಂಬುತ್ತಲೇ 'ರಂಬಂ' ಅಂದರು. ಮೈಮೊನಿಡೀಸ್ ಅಂತ ಜಗತ್ತು ಕರೆಯೋ ಮೋಶೆ ಬೆನ್ ಮೈಮೋನ್. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ವೈದ್ಯ, ಪಂಡಿತ. ಯಹೂದಿ ಧರ್ಮಶಾಸ್ತ್ರವನ್ನೆಲ್ಲ ಒಪ್ಪ ಮಾಡಿ ಬರೆದ ಗ್ರಂಥದಲ್ಲಿ ಕೊಡೋದಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಕೆಳಗಿರೋದು ಮನಸ್ಸಿಲ್ಲದೆ ಕೊಡೋದು. ಕೇಳಿದ ಮೇಲೆ ಕೊಡೋದಕ್ಕಿಂತ ಕೇಳೋ ಮುಂಚೆ ಕೊಡೋದು ಮೇಲು. ಕೊಟ್ಟವನಿಗೆ ತಗೊಂಡವನು ಯಾರೆಂದು, ತಗೊಂಡವನಿಗೆ ಕೊಟ್ಟವನು ಯಾರೆಂದು ಗೊತ್ತಾಗದ ಹಾಗೆ ಕೊಡೋದು ಇನ್ನೂ ಮೇಲು. ಅದಕ್ಕೂ ಮೇಲಿನದು ಒಂದೇ: ಸಾಲವೋ, ಪಾಲುದಾರಿಕೆಯೋ, ಕೆಲಸವೋ ಕೊಟ್ಟು ಅವನು ಮತ್ತೆ ಕೈಚಾಚದ ಹಾಗೆ ಮಾಡೋದು. ಬೋರ್ಡಿನವರ ಹೊಲಿಗೆ ಮೆಷಿನ್ ಇತ್ತಲ್ಲ, ಅದು ಈ ಮೆಟ್ಟಿಲಿನದು. ಅವರನ್ನ ಪೂರ್ತಿ ಬೈಯೋಕೆ ಆಗದಿರೋದು ಇದಕ್ಕೇ.

ಈತ ಗಾದಿ ಮೇಲೆ ಕೂತು ಬರೆದವನಲ್ಲ. ಮನೆ ನಡೆಸ್ತಿದ್ದ ತಮ್ಮ ಡೇವಿಡ್ ವ್ಯಾಪಾರಕ್ಕೆ ಅಂತ ನಮ್ಮ ಇಂಡಿಯಾ ಕಡೆಗೇ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಮನೆಯ ದುಡ್ಡು, ಬೇರೆಯವರ ದುಡ್ಡು ಎಲ್ಲ ಅವನ ಜೊತೆ ಹೋಯ್ತು. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದ. ಸೆರೆಯಾದವರನ್ನ ಬಿಡಿಸೋಕೆ ಹಣ ಕೂಡಿಸಿ ಅಂತ ಊರೂರಿಗೆ ಪತ್ರ ಬರೆದವನೂ ಹೌದು.

ಅವನ ಕಾಲದ ಕಾಗದಗಳು ಉಳಿದದ್ದು ಒಂದು ಆಶ್ಚರ್ಯ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಯಹೂದಿಗಳು ಬಿಸಾಡುತ್ತಿರಲಿಲ್ಲ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ ಅವು ನೂರಾರು ವರ್ಷ ಗುಡ್ಡೆ ಬಿದ್ದಿದ್ದವು. 1897ರಲ್ಲಿ ಸಾಲಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದ. ನಮ್ಮವರಿಗೆ ಈ ಗುಡ್ಡೆಯ ಒಂದು ಮೂಲೆ ಗೊತ್ತು. 12ನೇ ಶತಮಾನದಲ್ಲಿ ಮಂಗಳೂರಲ್ಲಿ ಹದಿನೇಳು ವರ್ಷ ಇದ್ದ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ, ಅವನ ಆಳು ಬೊಮ್ಮ. ಅಮಿತಾವ್ ಘೋಷ್ ಪುಸ್ತಕ ಬರೆದದ್ದು ಆ ಪತ್ರಗಳ ಬೆನ್ನು ಹತ್ತಿಯೇ.

ಅದೇ ಗುಡ್ಡೆಯಲ್ಲಿ ಬಡವರ ಪಟ್ಟಿಗಳೂ ಇವೆ. ಮಂಗಳವಾರ, ಶುಕ್ರವಾರ ರೊಟ್ಟಿ ಹಂಚೋಕೆ ಬರೆದದ್ದು. ಇಂಥವನ ವಿಧವೆ, ಕುರುಡ, ಹೊಸದಾಗಿ ಬಂದವನು, ಹೀಗೆ ಸಾಲಾಗಿ. ಪ್ರತಿಯೊಬ್ಬರ ಮುಂದೆ ಒಂದು ಸಂಖ್ಯೆ, ಎಷ್ಟು ರೊಟ್ಟಿ ಅಂತ. ಕೆಟಲ್ಲಿಗಿಂತ ಏಳೆಂಟು ನೂರು ವರ್ಷ ಮುಂಚೆ! ಈ ಕಾಗದಗಳ ಮೇಲೆ ಕೆಲಸ ಮಾಡಿದ ಮಾರ್ಕ್ ಕೋಹೆನ್ ಒಂದು ಮಾತಿನ ಕಡೆ ಗಮನ ಸೆಳೀತಾರೆ. ಹೇಗೋ ಮರ್ಯಾದೆಯಿಂದ ದಿನ ದೂಡೋ ಬಡವನಿಗೆ ಆ ಅರೇಬಿಕ್ ಪತ್ರಗಳಲ್ಲಿ 'ಮಸ್ತೂರ್' ಅಂತಾರೆ, ಮುಚ್ಚಿಕೊಂಡವನು ಅಂತ. ಮೊದಲ ಸಲ ಇನ್ನೊಬ್ಬರ ಹತ್ತಿರ ಬೇಡೋದಕ್ಕೆ ಅವರ ಮಾತು 'ಮುಖ ತೆರೆಯೋದು'. ನಮ್ಮಮ್ಮ ಸಾಲ ಕೇಳೋಕೆ ಹೋಗೋ ಮುಂಚೆ 'ಹೆಂಗೋ ಮಾನ ಮುಚ್ಕೊಂಡಿದ್ವಿ' ಅನ್ನೋಳು. ಅಲ್ಲಿಯ ಅರೇಬಿಕ್‌ಗೂ ನಮ್ಮೂರ ಕನ್ನಡಕ್ಕೂ ಯಾವ ನಂಟೂ ಇಲ್ಲ.

ಒಂದು ಗುರುವಾರ ಡ್ರೈವರ್ ಬರಲಿಲ್ಲ ಅಂತ ನಾನೂ ಒಬ್ಬರ ಜೊತೆ ಹಂಚೋಕೆ ಹೋದೆ. ಮಳೆ. ಒಂದು ಮನೆ ಮುಂದೆ ಪೆಟ್ಟಿಗೆ ಇಟ್ಟು ಬೆಲ್ ಹೊಡೆದೆ. ಹೊರಡಬೇಕು ಅಂತ ಗೊತ್ತು. ಆದರೂ ಕಾರಿನ ಹತ್ತಿರ ಹೋಗಿ ತಿರುಗಿ ನೋಡಿದೆ. ಯಾಕೆ? ತಗೊಂಡಾಗ ಅವರ ಮುಖ ಹೇಗಿರುತ್ತೆ ಅಂತ ನೋಡೋ ಆಸೆ, ಮತ್ತೇನಲ್ಲ. ಹಬ್ಬದ ದಿನ ನಮ್ಮ ಹಾಸ್ಟೆಲ್ಲಿಗೆ ಬರ್ತಿದ್ದವರಿಗೂ ಇದೇ ಆಸೆ ಇತ್ತೇನೋ. ಬಾಗಿಲು ತೆರೆಯಲಿಲ್ಲ. ಮೇಲಿನ ಕಿಟಕಿಯ ಪರದೆ ಸ್ವಲ್ಪ ಅಲ್ಲಾಡಿತು. ನಾನು ಹೋಗೋದನ್ನೇ ಕಾಯ್ತಿದ್ದರು. ಜೊತೆಗಿದ್ದವರು ಗಾಡಿ ಸ್ಟಾರ್ಟ್ ಮಾಡಿದರು, ಏನೂ ಅನ್ನಲಿಲ್ಲ.

ವಾಪಸ್ ಬಂದ ಮೇಲೆ ಹಾಸ್ಟೆಲ್ಲಿಗೆ ಒಂದಿಷ್ಟು ದುಡ್ಡು ಕಳಿಸ್ತೀನಿ, ಹೊಸ ತಟ್ಟೆ ತಗೊಳ್ಳಿ ಅಂತ ವಾರ್ಡನ್‌ಗೆ ಫೋನ್ ಮಾಡಿದೆ. ಈಗಿನವರು ಹೊಸಬರು, ನನ್ನ ಗುರುತಿಲ್ಲ.

'ತಟ್ಟೆಗೆ ನಿಮ್ಮ ಹೆಸರು ಹೊಡೆಸ್ಲಾ ಸಾರ್? ಇಲ್ಲಾ ತಂದೆ ತಾಯಿ ಹೆಸರಾ?'

ಬೇಡ ಅಂದೆ. ನಮ್ಮೂರ ಗುಡಿಯ ಟ್ಯೂಬ್‌ಲೈಟ್ ನೆನಪಾಯ್ತು. ದಾನಿಯ ಹೆಸರು, ಊರು, ಹೋಬಳಿ ಎಲ್ಲ ಬರೆಸಿ ಬೆಳಕೇ ಹೊರಗೆ ಬರ್ತಿರಲಿಲ್ಲ.

'ಆಯ್ತು ಸಾರ್, ನಂಬರ್ ಅಷ್ಟೇ ಹಾಕಿಸ್ತೀನಿ.'

'ನಂಬರೂ ಬೇಡ ಅಂದ್ರೆ?'

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ಕಳೆದೋಗ್ತವಲ್ಲ ಸಾರ್. ನೂರಾ ಇಪ್ಪತ್ತು ಹುಡುಗ್ರು. ನೀವೇ ಹೇಳಿ, ಏನ್ ಮಾಡ್ಲಿ?'