ಹದ

ಹೊಲದ ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ, ಉಳಿಯ ಬಾಯಿಗೂ ಹದ. ಹಳಗನ್ನಡದ ‘ಪದ’, ‘ಪದನು’ಗಳ ಪಕಾರ ಹಕಾರವಾಗಿ ಬಂದ ಮಾತಿದು. ಶಬ್ದ ಎಂಬರ್ಥದ ಸಂಸ್ಕೃತದ ‘ಪದ’ ಬೇರೆ. ತಮಿಳಿನ ‘ಪದಂ’, ತೆಲುಗಿನ ‘ಪದುನು’ ಇದರ ಒಡಹುಟ್ಟುಗಳು; ತೆಲುಗಿನಲ್ಲಿ ಅದಕ್ಕೆ ಹರಿತ ಎಂಬ ಅರ್ಥವೂ ಉಂಟು.

ನನಗೆ ಈ ಮಾತು ತುಂಬ ಇಷ್ಟವಾಗುವುದು ಕುಲುಮೆಯ ಮುಂದೆ. ಕೆಂಪಗೆ ಕಾದ ಉಳಿಯನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ. ಹಾಗೇ ಕೆಲಸಕ್ಕೆ ಹಿಡಿದರೆ ಬಾಯಿ ಚಕ್ಕೆ ಏಳುತ್ತದೆ. ಅದಕ್ಕೇ ಕಮ್ಮಾರ ತುದಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಒಣಹುಲ್ಲಿನ ಹಳದಿ ಹರಿದು ಬರುವುದನ್ನೇ ಕಾದಿದ್ದು ತಣಿಸುತ್ತಾನೆ.

ಈ ಹದದ ಗುಟ್ಟು ಲೋಹದೊಳಗಿದೆ. ಅಲ್ಲಿ ಪರಮಾಣುಗಳ ಪದರಗಳಲ್ಲಿ ಕೆಲವು ಅರ್ಧಕ್ಕೇ ನಿಂತುಹೋಗಿರುತ್ತವೆ. ಆ ತಪ್ಪಿದ ಅಂಚೇ ಡಿಸ್‌ಲೊಕೇಶನ್. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಇದನ್ನು ವಿವರಿಸಿದರು. ಈ ಅಂಚುಗಳು ಸರಿದಾಡಿದರೆ ಲೋಹ ಬಾಗುತ್ತದೆ. ಬಿರುಕಿನ ಮೊನೆಯ ಬಳಿ ಸರಿದಾಡಿದರೆ ಮೊನೆಯೇ ಮೊಂಡಾಗುತ್ತದೆ. ನೀರಿಗೆ ಅದ್ದಿದ ಉಕ್ಕಿನಲ್ಲಿ ಇಂಗಾಲ ಇವನ್ನು ಕಟ್ಟಿಹಾಕಿರುವುದರಿಂದ ಬಿರುಕು ಚೂಪಾಗಿಯೇ ಓಡುತ್ತದೆ. ಮರುಕಾಯಿಸಿದಾಗ ಇಂಗಾಲ ಸಣ್ಣ ಕಾರ್ಬೈಡ್ ಕಣಗಳಾಗಿ ಬೇರ್ಪಟ್ಟು ಆ ಕಟ್ಟು ಸಡಿಲವಾಗುತ್ತದೆ.

ತಾಮ್ರದ ತಂತಿಯೊಂದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಮೊದಲು ಸಲೀಸು, ಆಮೇಲೆ ಬಿಗಿ, ಕೊನೆಗೆ ತುಂಡು. ತಪ್ಪಿದ ಅಂಚುಗಳು ಹೆಚ್ಚಿ ಒಂದಕ್ಕೊಂದು ಸಿಕ್ಕುಬಿದ್ದು ಸರಿಯಲಾರದೆ ನಿಂತಿವೆ. ಅದಕ್ಕೂ ಕನ್ನಡದಲ್ಲಿ ಮಾತಿದೆ: ಹದಗೆಡು.